ಹೆಣ್ಣುಮಕ್ಕಳ ಮುಟ್ಟಿನ ದಿನಗಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

"ಎರಡು ತಿಂಗಳಾಯ್ತು, ಮಗಳಿಗೆ ಮುಟ್ಟೇ ಆಗಿಲ್ಲ ಮೇಡಂ, ಏನಾದ್ರೂ ತೊಂದರೆನಾ?" ಪ್ರತಿ ಪೋಷಕರ ಸಭೆ ಮುಗಿದ ಮೇಲೂ ಯಾರಾದರೊಬ್ಬ ತಾಯಿ ಪಿಸುದನಿಯಲ್ಲಿ ಕೇಳುತ್ತಾರೆ. ಪಿಸುಗುಡುವಂಥದ್ದು ಇದರಲ್ಲೇನೂ ಇಲ್ಲ, ಹಾಗಾಗಿ ಎಲ್ಲರಿಗೂ ಬರೆಯುತ್ತಿದ್ದೇನೆ. ತಂದೆಯಂದಿರೂ ಓದಿ.

ಮೊದಲು ಎಣಿಕೆ ಸರಿಯಾಗಲಿ. ಸ್ರಾವ ಶುರುವಾದ ದಿನವೇ ಒಂದನೇ ದಿನ. ಎಷ್ಟೋ ಮಂದಿ ನಿಂತ ದಿನದಿಂದ ಎಣಿಸುತ್ತಾರೆ, ಲೆಕ್ಕ ತಪ್ಪುವುದು ಅಲ್ಲೇ. ಜೂನ್ 3ಕ್ಕೆ ಶುರುವಾಗಿ, 7ಕ್ಕೆ ನಿಂತು, ಮತ್ತೆ ಜುಲೈ 10ಕ್ಕೆ ಆದರೆ ಆ ಚಕ್ರ 37 ದಿನದ್ದು. ಮೈನೆರೆದು ಒಂದೆರಡು ವರ್ಷವಾದ ಹುಡುಗಿಗೆ ಇದು ತಡವೇ ಅಲ್ಲ. ಈ ವಯಸ್ಸಿನಲ್ಲಿ 21ರಿಂದ 45 ದಿನದೊಳಗೆ ಎಷ್ಟಾದರೂ ಸಹಜ. ಒಂದು ಸಲ 30, ಮುಂದಿನ ಸಲ 41 ಆದರೂ ಗಾಬರಿ ಬೇಡ. ಎಲ್ಲರ ಬಾಯಲ್ಲೂ ಇರುವ 28 ದಿನ ಬರೀ ಸರಾಸರಿ.

ಮಿದುಳು ಮತ್ತು ಅಂಡಾಶಯದ ನಡುವಿನ ಹಾರ್ಮೋನುಗಳ ಹೊಂದಾಣಿಕೆ ಕುದುರಲು ಸಮಯ ಬೇಕು. ಅಲ್ಲಿಯವರೆಗೆ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವುದಿಲ್ಲ, ದಿನಗಳು ಹಿಂದುಮುಂದಾಗುತ್ತವೆ. ಮೂರು ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ಒಂದು ಹದಕ್ಕೆ ಬರುತ್ತದೆ. ಪರೀಕ್ಷೆಯ ಚಿಂತೆ, ಊಟ ಬಿಟ್ಟು ತೂಕ ಇಳಿಸುವುದು, ಮಿತಿಮೀರಿದ ಕ್ರೀಡಾಭ್ಯಾಸ ಇವೂ ಮುಟ್ಟನ್ನು ತಡಮಾಡುತ್ತವೆ.

ಹಾಗಂತ ಎಲ್ಲವನ್ನೂ "ವಯಸ್ಸಿಗೆ ತಕ್ಕಂತೆ ಸರಿಹೋಗುತ್ತೆ" ಎಂದು ಬಿಡಬೇಡಿ. ಒಮ್ಮೆ ಎರಡು ತಿಂಗಳಾದರೆ ಕಾದು ನೋಡಬಹುದು. ಒಂದೇ ಸಲವಾದರೂ 90 ದಿನ ದಾಟಿದರೆ, ಮೇಲಿಂದ ಮೇಲೆ 45 ದಿನ ಮೀರಿದರೆ, ಅಥವಾ ಸರಿಯಾಗಿದ್ದದ್ದು ತಪ್ಪತೊಡಗಿದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನುಗಳ ಏರುಪೇರು) ಇದೆಯೇ ಎಂದು ಅವರು ನೋಡುತ್ತಾರೆ. 15 ತುಂಬಿದರೂ ಮೊದಲ ಮುಟ್ಟು ಆಗದಿದ್ದರೂ ಹೋಗಲೇಬೇಕು. ನನಗೆ ಹೆಚ್ಚು ಕಳವಳ ತರುವುದು ಅತಿಸ್ರಾವ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುವುದು, 7 ದಿನವಾದರೂ ನಿಲ್ಲದಿರುವುದು ರಕ್ತಹೀನತೆಗೆ ದಾರಿ. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ನಾವು ಸೋಮಾರಿ ಎಂದುಕೊಳ್ಳುತ್ತೇವೆ, ಅವಳ ಮೈಯಲ್ಲಿ ರಕ್ತವೇ ಕಡಿಮೆಯಿರಬಹುದು.

ಪರೀಕ್ಷೆ ಇದೆಯೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಶುರುವಾದ ಮತ್ತು ನಿಂತ ತಾರೀಖುಗಳನ್ನು ಮಗಳೇ ಬರೆದಿಟ್ಟುಕೊಳ್ಳಲಿ. ವೈದ್ಯರು ಮೊದಲು ಕೇಳುವುದೂ ಅದನ್ನೇ. ಶಾಲೆಯಲ್ಲಿ ಶಿಕ್ಷಕಿಯರ ಕೊಠಡಿಯ ಕಪಾಟಿನಲ್ಲಿ ಪ್ಯಾಡ್ ಇರುತ್ತದೆ, ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಪಾಠದ ನಡುವೆ ಎದ್ದು ಹೋಗಬೇಕಾದರೆ ಕಾರಣ ಕೇಳಬಾರದೆಂದು ಎಲ್ಲ ಶಿಕ್ಷಕರಿಗೂ ತಿಳಿಸಿದ್ದೇನೆ.

ಇಂತಿ,
ಮುಖ್ಯ ಶಿಕ್ಷಕಿ