ತಾನೇ ಬಿಸಿಯಾಗುವ ಊಟ: ಎಚ್ಚರಿಕೆ ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ಒಲೆ, ಗ್ಯಾಸ್, ಕರೆಂಟು ಯಾವುದೂ ಬೇಡ, ನೀರು ಹೊಯ್ದರೆ ತಾನೇ ಬಿಸಿಯಾಗುವ ಊಟದ ಡಬ್ಬಗಳು ಈಗ ಆನ್‌ಲೈನಿನಲ್ಲಿ ಸಿಗುತ್ತಿವೆ. ಕೊಂಕಣ ರೈಲಿನಲ್ಲಿ ಮುಂಬಯಿಗೆ ಹೊರಟವರಿಗೆ, ಕೊಡಚಾದ್ರಿ ಹತ್ತುವವರಿಗೆ, ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಡಬ್ಬದ ಅಡಿಯಲ್ಲಿರುವ ಬಿಳಿ ಚೀಲ ಏನೆಂದು ತಿಳಿಯದೆ ಅದಕ್ಕೆ ನೀರು ಹಾಕಬಾರದು.

ಕರಾವಳಿಯವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ನೀರು ಬಿದ್ದಾಗ ಬುಸ್ಸೆಂದು ಹಬೆಯೆದ್ದು, ಗಟ್ಟಿಯಾಗಿದ್ದದ್ದು ಬಿರಿದು ಹಿಟ್ಟಾಗುತ್ತದಲ್ಲ, ಅದೇ ಇದು. ಹಲವು ಡಬ್ಬಗಳ ಚೀಲದಲ್ಲಿರುವುದು ಸುಟ್ಟ ಸುಣ್ಣ ಮತ್ತು ಅಲ್ಯೂಮಿನಿಯಂ ಪುಡಿ. ಸೇನೆಯ ಪಡಿತರದ ಮಾದರಿಯವುಗಳಲ್ಲಿ ಮೆಗ್ನೀಸಿಯಂ, ಸ್ವಲ್ಪ ಕಬ್ಬಿಣ, ಉಪ್ಪು ಇರುತ್ತವೆ. ಒಂದು ಗ್ರಾಂ ಸುಟ್ಟ ಸುಣ್ಣದಿಂದ ಸುಮಾರು 1.1 ಕಿಲೋಜೂಲ್ ಶಾಖ ಬರುತ್ತದೆ; ಮೆಗ್ನೀಸಿಯಂನಿಂದ ಅದರ ಹತ್ತು ಪಟ್ಟಿಗೂ ಹೆಚ್ಚು. ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡೂ ಕಿಡಿ ತಗಲಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತವೆ. 8 ಗ್ರಾಂ ಮೆಗ್ನೀಸಿಯಂ ಪೂರ್ತಿ ಖರ್ಚಾದರೆ ಹೆಚ್ಚುಕಡಿಮೆ 8 ಲೀಟರ್. ಬಾಗಿಲು ಹಾಕಿದ ಬೋಟಿನ ಕ್ಯಾಬಿನ್ನಿನಲ್ಲಿ, ಪಕ್ಕದಲ್ಲೇ ಸ್ಟೌ ಉರಿಯುತ್ತಿರುವಾಗ ಅಥವಾ ಬೀಡಿ ಹಚ್ಚುವವರಿದ್ದಾಗ ಇದನ್ನು ತೆರೆಯಲೇಬಾರದು. ಗಾಜು ಏರಿಸಿದ ಕಾರು, ಜಿಪ್ ಎಳೆದ ಟೆಂಟಿಗೂ ಇದೇ ಮಾತು.

ಬಳಸುವ ಕ್ರಮ ಕಷ್ಟದ್ದಲ್ಲ. ಚೀಲದ ಮೇಲಿನ ಪ್ಲಾಸ್ಟಿಕ್ ಕವಚ ತೆಗೆದು, ಚೀಲವನ್ನು ಹರಿಯದೆ, ಹೊರಡಬ್ಬದ ತಳದಲ್ಲಿ ಮಟ್ಟಸವಾಗಿ ಹಾಸಬೇಕು. ಗೆರೆಯವರೆಗೆ ತಣ್ಣೀರು ಹೊಯ್ದು, ತಡಮಾಡದೆ ಊಟದ ಒಳತಟ್ಟೆ ಕೂರಿಸಿ ಮುಚ್ಚಳ ಹಾಕಬೇಕು. ಕೆಲವೇ ಕ್ಷಣಗಳಲ್ಲಿ ಹಬೆ ಶುರು. 10–15 ನಿಮಿಷಕ್ಕೆ ಊಟ ಬಿಸಿ. ಕುಚ್ಚಲಕ್ಕಿ ಅನ್ನ ಮುದ್ದೆಯಾಗಿದ್ದರೆ ನಡುವೆ ತಣ್ಣಗೇ ಉಳಿಯುತ್ತದೆ. ಪೊಟ್ಟಣವನ್ನು ಮೊದಲೇ ಹಿಸುಕಿ ತೆಳ್ಳಗೆ ಹರಡಿಕೊಂಡರೆ ಒಂದೇ ಸಮ ಬಿಸಿಯಾಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಬೇಗ ಆಗಲೆಂದು ಫ್ಲಾಸ್ಕಿನ ಬಿಸಿನೀರು ಹೊಯ್ಯುವುದು. ಆಗ ಹತ್ತು ನಿಮಿಷಕ್ಕೆ ಹಂಚಿಹೋಗಬೇಕಾದ ಶಾಖ ಕೆಲವೇ ಕ್ಷಣಗಳಲ್ಲಿ ಹೊರಬಂದು ಸುಣ್ಣದ ನೀರು ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು, ಮುಚ್ಚಳದ ಸಣ್ಣ ತೂತನ್ನು ಮುಚ್ಚುವುದು. ಹಬೆ ವ್ಯರ್ಥವಾಗುತ್ತದೆಂದು ಅದರ ಮೇಲೆ ಬಟ್ಟೆಯನ್ನೋ ಪುಸ್ತಕವನ್ನೋ ಇಟ್ಟರೆ ಒಳಗಿನ ಒತ್ತಡಕ್ಕೆ ಡಬ್ಬವೇ ಸಿಡಿಯಬಹುದು. ನೀರು ತೀರಾ ಕಡಿಮೆಯಾದರೆ ಚೀಲ ಒಣಗಿ, ಅತಿಯಾಗಿ ಕಾದು ಡಬ್ಬದ ತಳ ಮೆತ್ತಗಾಗುತ್ತದೆ. ಹೆಚ್ಚಾದರೆ ಶಾಖವೆಲ್ಲ ನೀರಿಗೇ ಹೋಗಿ ಊಟ ಉಗುರುಬೆಚ್ಚಗೆ ಉಳಿಯುತ್ತದೆ. ಗಾಜಿನ ಮೇಜಿನ ಮೇಲಿಡಬೇಡಿ, ಒಂದೇ ಜಾಗ ಕಾದು ಬಿರುಕು ಬಿಡುತ್ತದೆ.

ನಮ್ಮ ಮಳೆಗಾಲವೂ ಇದಕ್ಕೆ ಶತ್ರು. ಕವಚದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಆಷಾಢದ ಥಂಡಿಗಾಳಿಯ ತೇವ ಹೀರಿ, ಚೀಲ ಉಬ್ಬಿ, ಸುಣ್ಣ ಅಲ್ಲೇ ಅರಳಿಬಿಡುತ್ತದೆ. ಒತ್ತಿ ನೋಡಿದಾಗ ಒಳಗಿನದು ಗಟ್ಟಿ ಹೆಂಟೆಯಾಗಿದ್ದರೆ ಆ ಚೀಲ ಕೆಲಸಕ್ಕೆ ಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಅಡುಗೆಮನೆಯ ಸಿಂಕಿನಿಂದ ದೂರ ಇಡಿ. ಬಜಪೆಯಿಂದ ವಿಮಾನ ಹತ್ತುವವರು ಈ ಚೀಲವನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಬೇಡಿ. ಸುಟ್ಟ ಸುಣ್ಣ ವಿಮಾನ ಸಾಗಣೆಯಲ್ಲಿ ಅಪಾಯಕಾರಿ ವಸ್ತು.

ಊಟದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಚೀಲ ಬಿಸಿ ಮಾಡುತ್ತದೆ, ಬೇಯಿಸುವುದಿಲ್ಲ. ಗಾಳಿಯಾಡದಂತೆ ಮುಚ್ಚಿದ ರಿಟಾರ್ಟ್ ಪೊಟ್ಟಣದ ಸಾರು, ಪಲ್ಯ ಕಾರ್ಖಾನೆಯಲ್ಲೇ ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಬೆಂದು ಬಂದಿರುತ್ತವೆ. 1961ರಲ್ಲಿ ಶುರುವಾದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಪೊಟ್ಟಣಗಳನ್ನು ರೂಪಿಸಿದೆ. ಅದನ್ನು ಬಿಸಿ ಮಾಡದೆಯೂ ಉಣ್ಣಬಹುದು. ಆದರೆ ಉಬ್ಬಿದ ಪೊಟ್ಟಣವನ್ನು ಎಷ್ಟು ಬಿಸಿ ಮಾಡಿದರೂ ಉಣ್ಣಬಾರದು. ಒಳತಟ್ಟೆಯಲ್ಲಿ ಹಸಿ ಬಂಗುಡೆಯನ್ನೋ ಮೊಟ್ಟೆಯನ್ನೋ ಇಟ್ಟು ಬೇಯಿಸುವ ಸಾಹಸವೂ ಬೇಡ.

ಎಲೆ-ಅಡಿಕೆಯ ಸುಣ್ಣ ಚಿಮ್ಮಿ ಮಕ್ಕಳ ಕಣ್ಣು ಹಾಳಾಗುವುದು ನಮ್ಮಲ್ಲಿ ಹೊಸ ಸುದ್ದಿಯಲ್ಲ. ಈ ಚೀಲದ ಸುಣ್ಣ ಅದಕ್ಕಿಂತ ತೀಕ್ಷ್ಣ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಮೈಮೇಲೆ ಒಣಪುಡಿ ಬಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ಆಮೇಲೆ ಧಾರಾಳ ನೀರು ಹಾಕಿ.

ಅರ್ಧಂಬರ್ಧ ಕಾದ ಚೀಲವನ್ನು ಕಸಕ್ಕೆ ಎಸೆದರೆ ಹಸಿಕಸದ ನೀರು ತಗಲಿ ಮತ್ತೆ ಕಾಯುತ್ತದೆ. ಸುಡುವುದು ಅದನ್ನು ಬೇರ್ಪಡಿಸುವ ಪೌರಕಾರ್ಮಿಕರ ಕೈ. ಅಂಗಳದಲ್ಲಿ ತುಂಬ ತಣ್ಣೀರಿನ ಬಕೆಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಗುಳ್ಳೆ ಪೂರ್ತಿ ನಿಂತ ಮೇಲೆಯೇ ಕೊಡಿ.

ಆಹಾರದ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿದ್ದರೆ ಸಾಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮ ಹೇಳುತ್ತದೆ. ಬೇರೆ ಭಾಷೆ ಸೇರಿಸಲು ಅಡ್ಡಿಯೇನಿಲ್ಲ. ತಣ್ಣೀರು ಮಾತ್ರ, ತೂತು ಮುಚ್ಚಬೇಡಿ, ಬೆಂಕಿಯಿಂದ ದೂರ, ಕಣ್ಣಿಗೆ ಬಿದ್ದರೆ ನೀರು: ಈ ನಾಲ್ಕು ಮಾತನ್ನು ಮಾರುವವರು ದಪ್ಪ ಕನ್ನಡ ಅಕ್ಷರದಲ್ಲಿ ಮುದ್ರಿಸಲಿ, ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಆಡಳಿತ ಅದಕ್ಕೆ ಒತ್ತಾಯಿಸಲಿ. ಅದೂ ಹೊರಗಿನ ರಟ್ಟಿನ ಮೇಲಲ್ಲ, ಚೀಲದ ಮೇಲೆಯೇ. ನೀರು ಹೊಯ್ಯುವ ಹೊತ್ತಿಗೆ ರಟ್ಟು ಆಗಲೇ ಕಸದ ಬುಟ್ಟಿ ಸೇರಿರುತ್ತದೆ.

– ಆಹಾರ ತಂತ್ರಜ್ಞಾನದ ಬೋಧಕರು, ಉಡುಪಿ