ಕೊಲ್ಹಾರ ಸೇತುವೆಯ ಬಳಿ ನಿಂತು ನೋಡಲು ಒಂದು ಜಾಗ ಬೇಕು

ಮಾನ್ಯ ಸಂಪಾದಕರೆ,

ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಿಂದ ಹೊರಟು ಉತ್ತರ ಕನ್ನಡದ ಅಂಕೋಲೆಯಲ್ಲಿ ಮುಗಿಯುತ್ತದೆ ಎಂಬುದು ವಿಜಯಪುರದ ನಮ್ಮಂಥವರಿಗೆ ಬಹುಕಾಲ ತಿಳಿದೇ ಇರಲಿಲ್ಲ. ನಮ್ಮ ಪಾಲಿಗೆ ಅದು ಒಂದು ಕಡೆ ಸೊಲ್ಲಾಪುರಕ್ಕೂ ಇನ್ನೊಂದು ಕಡೆ ಹುಬ್ಬಳ್ಳಿಗೂ ಹೋಗುವ ದಾರಿ, ಅಷ್ಟೇ. ನನ್ನ ಪತಿ ಬ್ಯಾಂಕಿನ ನೌಕರಿಯಿಂದಲೂ ನಾನು ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿಯ ಕೆಲಸದಿಂದಲೂ ನಿವೃತ್ತರಾದ ಮೇಲೆ, ಕಳೆದ ವರ್ಷ ದಸರೆಯ ಬನ್ನಿ ಕೊಟ್ಟು ಮುಗಿಸಿದ ವಾರವೇ, ಇದೇ ದಾರಿಯನ್ನು ಹಿಡಿದು ರಾಜಸ್ಥಾನದ ಕೋಟಾದವರೆಗೆ ಕಾರಿನಲ್ಲಿ ಹೋಗಿ ಬಂದೆವು. ಬ್ಯಾಂಕಿನ ವರ್ಗಾವಣೆಗಳ ಕಾಲದಲ್ಲಿ ಒಂದೇ ವಠಾರದಲ್ಲಿ ನೆರೆಹೊರೆಯಾಗಿದ್ದು ಈಗ ಛತ್ರಪತಿ ಸಂಭಾಜಿನಗರ, ಇಂದೋರ್, ಕೋಟಾಗಳಲ್ಲಿ ನೆಲೆಸಿರುವ ಮೂರು ಮನೆಯವರು ಇಪ್ಪತ್ತು ವರ್ಷಗಳಿಂದ ಕರೆಯುತ್ತಲೇ ಇದ್ದರು. ಹಿಂಬದಿಯ ಸೀಟಿನ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆಗಳ ಡಬ್ಬಿಗಳಿದ್ದವು.

ಪ್ರವಾಸ ಕಥನ ಬರೆಯುವುದು ಈ ಪತ್ರದ ಉದ್ದೇಶವಲ್ಲ. ಆದರೆ ಆ ದಾರಿಯಲ್ಲಿ ಕಂಡದ್ದನ್ನು ಕೊಂಚವಾದರೂ ಹೇಳದಿದ್ದರೆ, ನಮ್ಮ ಕೃಷ್ಣೆಯ ಮೇಲಿನ ಸೇತುವೆಯ ಬಗ್ಗೆ ನಾನು ಮುಂದೆ ಕೇಳುವುದು ಓದುಗರಿಗೆ ಒಬ್ಬ ಹೆಂಗಸಿನ ಗೊಣಗಾಟವಾಗಿ ಮಾತ್ರ ಕೇಳಿಸೀತು.

ಧೂಳಖೇಡದ ಆಚೆ ಭೀಮೆಯನ್ನು ದಾಟುವಾಗ ನೀರು ನಮ್ಮ ಎಡದಿಂದ ಬಲಕ್ಕೆ ಹರಿಯುತ್ತಿತ್ತು, ಮರಾಠವಾಡಾದಲ್ಲಿ ಗೋದಾವರಿಯೂ ಹಾಗೆಯೇ. ಮರುದಿನ ಧುಳೆ ಬಿಟ್ಟು ತಾಪಿಯ ಸೇತುವೆಯ ಮೇಲೆ ಬಂದಾಗ ನೀರು ಬಲದಿಂದ ಎಡಕ್ಕೆ ಸಾಗುತ್ತಿತ್ತು. ಸಾತಪುಡ ಬೆಟ್ಟಗಳನ್ನು ಸೇಂಧವಾದ ಹತ್ತಿರ ಏರಿಳಿದು ಖಲಘಾಟ್‌ನಲ್ಲಿ ನರ್ಮದೆಯನ್ನು ಕಂಡಾಗಲೂ ಅದೇ ದಿಕ್ಕು. ಈ ಎರಡು ನದಿಗಳು ಪಶ್ಚಿಮಕ್ಕೆ ಹರಿಯುತ್ತವೆ ಎಂದು ನಕಾಶೆಯ ಮೇಲೆ ಬೆರಳಿಟ್ಟು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಅದನ್ನು ಕಣ್ಣಿನಿಂದ ನೋಡಿದ್ದು ಅಂದೇ. ಖಲಘಾಟ್‌ನಲ್ಲಿ ಹೊಳೆದಂಡೆಗೆ ಇಳಿದು, ಮೆಟ್ಟಿಲ ಮೇಲೆ ಕುಳಿತು, ಕಾಲು ನೀರಿನಲ್ಲಿ ಇಳಿಬಿಟ್ಟು ಅರ್ಧ ಗಂಟೆ ಸುಮ್ಮನಿದ್ದೆವು. ಯಾರೂ ಹಾರ್ನ್ ಹೊಡೆಯಲಿಲ್ಲ, ಯಾರೂ ನಮ್ಮನ್ನು ಎಬ್ಬಿಸಲಿಲ್ಲ.

ಇನ್ನೊಂದು ಮಾತು ಹೇಳದೆ ಇರಲಾರೆ. ಎಲ್ಲೋರಾ ದಾಟಿದ ಮೇಲೆ ಇದೇ ಹೆದ್ದಾರಿಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕು ಕೇಂದ್ರವೇ ಇದೆ. ಫಲಕದ ಮೇಲೆ ಆ ಮೂರಕ್ಷರವನ್ನು ಕಂಡೊಡನೆ ಕಾರು ನಿಲ್ಲಿಸಿ ಅದರ ಕೆಳಗೆ ಫೋಟೊ ತೆಗೆಸಿಕೊಂಡೆ. ಇದರಲ್ಲಿ ನಗುವಂಥದ್ದು ಏನಿದೆಯೆಂದು ಪಕ್ಕದ ಚಹಾದಂಗಡಿಯವನಿಗೆ ಕೊನೆಗೂ ಅರ್ಥವಾಗಲಿಲ್ಲ. ಆ ಊರಿನ ಆಚೆ ರಸ್ತೆ ಗೌತಾಳಾ ಅಭಯಾರಣ್ಯದ ಅಂಚಿನ ಘಾಟಿನಲ್ಲಿ ಕೆಳಗಿಳಿಯುತ್ತದೆ. ಮಳೆಗಾಲದ ಹಸಿರು ಇನ್ನೂ ಆರದೆ ಉಳಿದಿದ್ದ ಆ ಕಣಿವೆಯನ್ನು ನೋಡಬೇಕೆಂದು ತಿರುವಿನಲ್ಲಿ ಕಾರು ನಿಧಾನ ಮಾಡಿದರೆ ಹಿಂದೆ ಲಾರಿಗಳ ಸಾಲು. ಹೀಗೆ, ಹೊರಗಿನ ರಾಜ್ಯಗಳಲ್ಲಿ ಎಲ್ಲವೂ ಚೆನ್ನ, ನಮ್ಮಲ್ಲಿ ಮಾತ್ರ ಕೊರತೆ ಎಂದು ನಾನು ಹೇಳುತ್ತಿಲ್ಲ.

ಕೋಟಾದ ಬಗ್ಗೆ ನಮ್ಮ ಕಡೆಯವರಿಗೆ ಗೊತ್ತಿರುವುದು ಕೋಚಿಂಗ್ ಕ್ಲಾಸುಗಳು ಮತ್ತು ಅಡುಗೆಮನೆಗೆ ಹಾಸುವ ಕೋಟಾ ಕಲ್ಲು. ನಮ್ಮ ಗೆಳೆಯರು ನಮ್ಮನ್ನು ಕರೆದುಕೊಂಡು ಹೋದದ್ದು ಊರ ಹೊರಗಿನ ಗರಡಿಯಾ ಮಹಾದೇವಕ್ಕೆ. ಅರಣ್ಯ ಇಲಾಖೆಗೆ ಶುಲ್ಕ ಕೊಟ್ಟು ಒಳಗೆ ಹೋಗಿ ಬಂಡೆಯ ಅಂಚಿಗೆ ಬಂದರೆ, ನೂರಾರು ಅಡಿ ಕೆಳಗೆ ಚಂಬಲ್ ನದಿ ಬಿಲ್ಲಿನಂತೆ ಬಾಗಿ ತಿರುಗಿಕೊಂಡು ಹೋಗುವುದು ಕಾಣುತ್ತದೆ. ವಿಜಯಪುರದಿಂದ ಮಾಳವದವರೆಗೆ ಉದ್ದಕ್ಕೂ ನಮ್ಮದೇ ಎರೆಮಣ್ಣು, ನಮ್ಮದೇ ಕರಿಕಲ್ಲು. ಅಲ್ಲಿಂದ ಮುಂದೆ ಕಲ್ಲು ಬದಲಾಗುತ್ತದೆ. ಚಂಬಲ್ ದಂಡೆಯ ಆ ಮರಳುಗಲ್ಲಿನ ಗೋಡೆಗಳನ್ನು ನೋಡುತ್ತ ನಿಂತಾಗ ನನ್ನ ಪತಿ, ‘ಇದು ಬಾದಾಮಿ ಅಲ್ಲೇನು?’ ಎಂದರು. ಆ ಮಾತಿನಿಂದಲೇ, ಬಾದಾಮಿಯನ್ನು ನೋಡಲು ಗೆಳೆಯ ದಂಪತಿ ಜನವರಿಯಲ್ಲಿ ನಮ್ಮ ಮನೆಗೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು.

ಅವರು 1,200 ಕಿ.ಮೀ.ಗೂ ಹೆಚ್ಚು ದೂರದಿಂದ, ಅದೇ ಹೆದ್ದಾರಿಯಲ್ಲಿ, ತಾವೇ ಕಾರು ಓಡಿಸಿಕೊಂಡು ಬಂದರು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿಯ ಮೇಣಬಸದಿ, ಅಗಸ್ತ್ಯ ತೀರ್ಥ ಎಲ್ಲವನ್ನೂ ಮೆಚ್ಚಿಕೊಂಡರು. ಬಾದಾಮಿಯಿಂದ ಕೆರೂರು, ಗದ್ದನಕೇರಿ ಮಾರ್ಗವಾಗಿ ಮರಳುವಾಗ ಸಂಜೆಯಾಗಿತ್ತು. ಬೀಳಗಿ ತಾಲ್ಲೂಕಿನ ಕೊರ್ತಿಯಿಂದ ಈಚೆಯ ಕೊಲ್ಹಾರದವರೆಗೆ ಸುಮಾರು 3 ಕಿ.ಮೀ. ಉದ್ದಕ್ಕೆ ಚಾಚಿರುವ ಆ ಸೇತುವೆಯ ಮೇಲೆ ಬರುತ್ತಿದ್ದಂತೆ ಎಡಗಡೆ ಆಲಮಟ್ಟಿ ಹಿನ್ನೀರಿನ ಮೇಲೆ ಸೂರ್ಯ ಇಳಿಯುತ್ತಿದ್ದ. ಕಣ್ಣಿಗೆ ದಡ ಕಾಣದಷ್ಟು ನೀರು, ಅದರ ನಡುವೆ ಮೀನುಗಾರರ ಒಂದೆರಡು ತೆಪ್ಪ, ಮೇಲೆ ಸಾಲಾಗಿ ಗೂಡಿಗೆ ಮರಳುವ ಹಕ್ಕಿಗಳು. ಚಂಬಲ್ ತೋರಿಸಿದವರಿಗೆ ನಾವು ಕೃಷ್ಣೆಯನ್ನು ತೋರಿಸಬೇಕಾದ ಗಳಿಗೆ ಅದು. ‘ಗಾಡಿ ಎಲ್ಲಿ ನಿಲ್ಲಿಸುವುದು?’ ಎಂದು ಗೆಳೆಯರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಸೇತುವೆಯ ಮೇಲೆ ನಿಲ್ಲಿಸುವುದು ಅಪಾಯ, ನಿಲ್ಲಿಸಲೂಬಾರದು. ಆದರೂ ನಮ್ಮ ಮುಂದೆಯೇ ಇಬ್ಬರು ಹುಡುಗರು ಬೈಕು ನಿಲ್ಲಿಸಿ ಕಟ್ಟೆಗೆ ಆತುಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರ ಬೆನ್ನಿಗೆ ಸವರಿಕೊಂಡು ಹೋದಷ್ಟು ಹತ್ತಿರದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಸಾಗಿತು. ನಾವು ಸೇತುವೆ ಮುಗಿದ ಮೇಲೆ ರಸ್ತೆಯಂಚಿನ ಮಣ್ಣಿಗೆ ಕಾರನ್ನು ಇಳಿಸಿ ನೋಡಿದೆವು. ಕಾಲಡಿಯಲ್ಲಿ ಒಡೆದ ಬಾಟಲಿ, ಪ್ಲಾಸ್ಟಿಕ್ ಲೋಟ. ಒಂದೊಂದು ಲಾರಿ ಹೋದಾಗಲೂ ಮುಖಕ್ಕೆ ಎರಚುವ ಧೂಳು. ಎರಡು ನಿಮಿಷದಲ್ಲಿ ಮತ್ತೆ ಒಳಗೆ ಕುಳಿತೆವು.

ಕೊಲ್ಹಾರದಲ್ಲಿ ಮೊಸರು ಕೊಳ್ಳದೆ ಯಾರು ಮುಂದೆ ಹೋಗುತ್ತಾರೆ? ಮೊಸರು ಮಾರುವ ಹೆಣ್ಣುಮಗಳು ಮಣ್ಣಿನ ಕುಡಿಕೆಯನ್ನು ಬೋರಲು ಹಿಡಿದು, ಒಂದು ಹನಿಯೂ ಬೀಳದ್ದನ್ನು ತೋರಿಸಿ ನಮ್ಮ ಅತಿಥಿಗಳನ್ನು ಬೆರಗುಗೊಳಿಸಿದಳು. ಆಗಲೇ ಗೆಳೆಯರ ಪತ್ನಿ ನನ್ನ ಕಿವಿಯಲ್ಲಿ, ಇಲ್ಲೆಲ್ಲಾದರೂ ಶೌಚಾಲಯ ಇದೆಯೇ ಎಂದು ಕೇಳಿದರು. ಹಿಂದೆ ಒಂದು ಪೆಟ್ರೋಲ್ ಬಂಕಿನಲ್ಲಿ ಶೌಚಾಲಯಕ್ಕೆ ಬೀಗ ಬಿದ್ದಿತ್ತು, ಕೀಲಿಕೈ ಯಾರ ಬಳಿ ಇದೆಯೆಂದು ಅಲ್ಲಿದ್ದ ಹುಡುಗನಿಗೆ ತಿಳಿದಿರಲಿಲ್ಲ. ಬಾದಾಮಿ ಬಿಟ್ಟಾಗಿನಿಂದ ಅವರು ನೀರು ಕುಡಿಯದೆ ಕುಳಿತಿದ್ದರೆಂಬುದು ನನಗೆ ಆಗ ಹೊಳೆಯಿತು, ಏಕೆಂದರೆ ಹೋಗುವಾಗ ನಾನೂ ಎಷ್ಟೋ ಕಡೆ ಹಾಗೆಯೇ ಕುಳಿತಿದ್ದೆ. ನಮ್ಮ ಪಿಸುಮಾತನ್ನು ಗ್ರಹಿಸಿದ ಮೊಸರಿನಾಕೆಯೇ, ‘ಬರ್ರಿ ಅಕ್ಕಾರ, ನಮ್ಮನಿ ಇಲ್ಲೇ ಐತಿ’ ಎಂದು ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ ನಮ್ಮನ್ನು ತನ್ನ ಮನೆಗೆ ಕರೆದೊಯ್ದಳು. ಆಕೆಯ ಋಣ ದೊಡ್ಡದು. ಆದರೆ ರಾಷ್ಟ್ರೀಯ ಹೆದ್ದಾರಿಯ ಪ್ರಯಾಣಿಕರ ಅಗತ್ಯವನ್ನು ಮೊಸರು ಮಾರುವವಳ ಒಳ್ಳೆಯತನದ ಮೇಲೆ ಬಿಟ್ಟಿರುವುದು ಸರಿಯೇ?

ಬಂಕುಗಳಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಸಾರ್ವಜನಿಕರಿಗೆ ಉಚಿತವಾಗಿ ಸಿಗಬೇಕೆಂಬ ನಿಯಮವಿದೆ. ಹೆದ್ದಾರಿ ಬದಿಯಲ್ಲಿ ಶುಚಿಯಾದ ಶೌಚಾಲಯ, ಮಕ್ಕಳ ಆರೈಕೆಯ ಕೋಣೆ ಮುಂತಾದವು ಇರಬೇಕೆಂದು ಕೇಂದ್ರ ಸರ್ಕಾರ 2024ರಲ್ಲಿ ‘ಹಮ್‌ಸಫರ್’ ಎಂಬ ನೀತಿಯನ್ನೂ ತಂದಿದೆ. ನಡುದಾರಿಯಲ್ಲಿ ಗಾಡಿ ಕೆಟ್ಟರೆ ಕರೆ ಮಾಡಲು 1033 ಎಂಬ ಸಂಖ್ಯೆ ಇದೆ. ಗಾಡಿಯಲ್ಲಿ ಕುಳಿತ ಹೆಂಗಸಿನ ಪಾಡಿಗೆ ಯಾವ ಸಂಖ್ಯೆಯೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸೇತುವೆಯ ಎರಡು ತುದಿಗಳಲ್ಲಿ ಅನುಕೂಲವಾದ ಒಂದು ಕಡೆ, ರಸ್ತೆಯಿಂದ ಒಳಕ್ಕೆ ಸರಿದಂತೆ, ಹತ್ತಿಪ್ಪತ್ತು ವಾಹನಗಳು ನಿಲ್ಲುವಷ್ಟು ಜಾಗವನ್ನು ಸಮ ಮಾಡಿ, ನೀರಿನ ಕಡೆಗೆ ಗಟ್ಟಿಯಾದ ಕಂಬಿ ಹಾಕಿ, ದೀಪ, ಕಸದ ಡಬ್ಬಿ, ನೀರಿನ ವ್ಯವಸ್ಥೆಯುಳ್ಳ ಶೌಚಾಲಯವನ್ನು ಕಟ್ಟಿಸಬೇಕು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ಕೊಟ್ಟು, ಅಲ್ಲೇ ಮೊಸರು, ರೊಟ್ಟಿ ಮಾರಲು ಅವಕಾಶ ಮಾಡಿದರೆ ಬೀಗ ಹಾಕಿಕೊಂಡು ಹೋಗುವ ಪ್ರಮೇಯವೇ ಬರುವುದಿಲ್ಲ. ಆ ನೀರಿನಡಿ ಯಾವ ಯಾವ ಊರುಗಳ ಹೊಲ, ಮನೆ, ಗುಡಿಗಳು ಮುಳುಗಡೆಯಾದವು ಎಂದು ತಿಳಿಸುವ ಒಂದು ಫಲಕವನ್ನೂ ನಿಲ್ಲಿಸಬೇಕು. ಹೊರಗಿನವರು ಅದನ್ನು ಬರಿಯ ಚೆಂದದ ಕೆರೆಯೆಂದುಕೊಂಡು ಹೋಗುತ್ತಾರೆ, ನಮ್ಮ ಗೆಳೆಯರೂ ಹಾಗೆಯೇ ತಿಳಿದಿದ್ದರು. ಸಿಮೆಂಟಿನ ಆನೆ, ಜಿರಾಫೆ, ಸಂಗೀತ ಕಾರಂಜಿಗಳು ಮಾತ್ರ ದಯವಿಟ್ಟು ಬೇಡ.

ಒಂದು ತೊಡಕು ನನಗೂ ಕಾಣುತ್ತದೆ. ಸೇತುವೆಯ ಒಂದು ತುದಿ ಬಾಗಲಕೋಟೆ ಜಿಲ್ಲೆಗೆ, ಇನ್ನೊಂದು ತುದಿ ವಿಜಯಪುರ ಜಿಲ್ಲೆಗೆ ಸೇರಿದೆ, ರಸ್ತೆ ಕೇಂದ್ರದ್ದು, ನೀರು ನೀರಾವರಿಯವರದ್ದು. ಇಂಥಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸುತ್ತುವುದೇ ಹೆಚ್ಚು. ಎರಡೂ ಜಿಲ್ಲೆಗಳ ಜನಪ್ರತಿನಿಧಿಗಳೂ ಅಧಿಕಾರಿಗಳೂ ಒಂದು ಸಂಜೆ ಆ ಸೇತುವೆಯ ಹತ್ತಿರ, ಸಾಧ್ಯವಾದರೆ ತಮ್ಮ ಮನೆಯ ಹೆಣ್ಣುಮಕ್ಕಳೊಂದಿಗೆ, ಬಂದು ನಿಂತು ನೋಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಚಳಿಗಾಲದಲ್ಲಿ ಈ ಹಿನ್ನೀರಿಗೆ ಫ್ಲೆಮಿಂಗೊಗಳು ಬರುತ್ತವೆಯೆಂದು ನಾನೇ ಹೇಳಿದ್ದರಿಂದ, ಇಂದೋರಿನ ಗೆಳೆಯರು ಈ ಡಿಸೆಂಬರಿನಲ್ಲಿ ಎಂಬತ್ತರ ತಮ್ಮ ತಾಯಿಯನ್ನು ಕರೆದುಕೊಂಡು ಬರುವುದಾಗಿ ಮೊನ್ನೆ ಸಂದೇಶ ಕಳುಹಿಸಿದ್ದಾರೆ. ಅವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ವಿಜಯಪುರ