ಪದವನ್ನು ನುಂಗಿಸಬೇಡಿ, ಬಿಡಿಸಿ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ‘ವಾರಕ್ಕೆ ಹತ್ತು ಇಂಗ್ಲಿಷ್ ಪದ’ ಬರುತ್ತದಲ್ಲ, ಅದರ ಬಗ್ಗೆ ಈ ಪತ್ರ. ನಮ್ಮ ಮನೆಯಲ್ಲಿ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸುತ್ತೇವೆ. ಆರನೇ ಕ್ಲಾಸಿನ ಮೊಮ್ಮಗಳು ಹಾಲು ಕುಡಿಯುತ್ತಾ ಓದುತ್ತಾಳೆ. ಹೋದ ವಾರದ ನಾಲ್ಕನೇ ಪದ ‘ಇರ್ರಿವರ್ಸಿಬಲ್’. ಪಕ್ಕದಲ್ಲಿ ಅರ್ಥ, ‘ಹಿಂತಿರುಗಿಸಲಾಗದ’. ಅಷ್ಟೇ. ಮೂರು ದಿನ ಉರು ಹೊಡೆದಳು. ಗುರುವಾರ ಸಂಜೆ ಕೇಳಿದರೆ ‘ಇರ್ರಿ... ಇರ್ರಿಟೇಟಿಂಗ್’ ಅಂದಳು. ನನಗೆ ಬೈಯಲು ಮನಸ್ಸಾಗಲಿಲ್ಲ. ಪದವನ್ನು ಇಡಿಯಾಗಿ ಗಂಟಲಿಗೆ ತುರುಕಿದರೆ ಅದು ಎಲ್ಲಾದರೂ ಸಿಕ್ಕಿಕೊಳ್ಳಲೇಬೇಕು.

ನಾನೇನೂ ಪಂಡಿತನಲ್ಲ. 1970ರಲ್ಲಿ, 13ನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಶಿ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಎಷ್ಟೋ ವರ್ಷದ ಮೇಲೆ ಗಲ್ಲಾದಲ್ಲಿ ಕೂತೆ. ನನ್ನಂಥ ಮಾಣಿಗಳಿಗಾಗಿ ಆಗ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಇಂಗ್ಲಿಷ್ ಮಾಷ್ಟ್ರು ಹಗಲು ಯಾವುದೋ ಆಫೀಸಿನಲ್ಲಿ ಕ್ಲಾರ್ಕು. ರಾತ್ರಿ ನಮ್ಮ ಪಾಲಿಗೆ ಬರುತ್ತಿದ್ದರು. ನಾವು ನಿದ್ದೆಗಣ್ಣಿನಲ್ಲಿ ಕೂತಿರುತ್ತಿದ್ದೆವು, ಅವರೂ ಸ್ವಲ್ಪ ಹಾಗೆಯೇ. ಅವರು ಹೇಳುತ್ತಿದ್ದುದು ಒಂದೇ ಮಾತು: “ಮುಳ್ಳಿನ ಮೀನು ತಿನ್ನುವ ಹಾಗೆ ಇಂಗ್ಲಿಷ್ ಓದಬೇಕು ಮಾರಾಯ. ಬಿಡಿಸಿ ತಿನ್ನು.”

ಒಂದು ರಾತ್ರಿ ಬೋರ್ಡಿನ ಮೇಲೆ ‘ಪೋರ್ಟ್’ ಅಂತ ಬರೆದರು. ವಿ.ಟಿ. ಸ್ಟೇಷನ್ನಿನ ಪೋರ್ಟರ್ ಗೊತ್ತಲ್ಲ? ಹೊರುವವನು. ಹೊರಗೆ ಹೊತ್ತು ಹಾಕಿದರೆ ಎಕ್ಸ್‌ಪೋರ್ಟ್. ಒಳಗೆ ಹೊತ್ತು ತಂದರೆ ಇಂಪೋರ್ಟ್. ಆಚೆ ಕಡೆಗೆ ದಾಟಿಸಿದರೆ ಟ್ರಾನ್ಸ್‌ಪೋರ್ಟ್. ಸುದ್ದಿ ಹೊತ್ತು ವಾಪಸ್ ಬಂದರೆ ರಿಪೋರ್ಟ್. ಹತ್ತೇ ನಿಮಿಷ. ಮರುದಿನ ಬಂದರಿನ ಕಡೆ ಹೋಟೆಲಿನ ಸಾಮಾನು ತರಲು ಹೋದಾಗ, ಗೋಡೌನುಗಳ ಮೇಲಿನ ಬೋರ್ಡುಗಳನ್ನು ನಾನು ಅರ್ಥ ತಿಳಿದು ಓದಿದೆ! ಆ ಖುಷಿ ನನಗಿನ್ನೂ ನೆನಪಿದೆ.

ಈಗ ನಿಮ್ಮ ಇರ್ರಿವರ್ಸಿಬಲ್. ಅದರಲ್ಲಿ ನಾಲ್ಕು ತುಂಡುಗಳಿವೆ. ‘ಇರ್’ ಅಂದರೆ ಇಲ್ಲ, ‘ರಿ’ ಅಂದರೆ ಹಿಂದಕ್ಕೆ, ‘ವರ್ಸ್’ ಅಂದರೆ ತಿರುಗುವುದು, ‘ಇಬಲ್’ ಅಂದರೆ ಆಗುವಂಥದ್ದು. ನೀವು ಕೊಟ್ಟ ಕನ್ನಡ ಪದವನ್ನೂ ಬಿಡಿಸಿ ನೋಡಿ. ಹಿಂ, ತಿರುಗಿಸು, ಆಗು, ಕೊನೆಗೆ ಇಲ್ಲ ಅನ್ನುವ ‘ಅದ’. ಅದೇ ನಾಲ್ಕು! ವ್ಯತ್ಯಾಸ ಇಷ್ಟೇ. ಇಂಗ್ಲಿಷಿನವನು ಬಾಗಿಲಲ್ಲೇ ‘ಇಲ್ಲ’ ಅಂದುಬಿಡುತ್ತಾನೆ. ನಾವು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ಹೊರಡುವಾಗ ‘ಇಲ್ಲ’ ಅನ್ನುತ್ತೇವೆ. ಇದನ್ನು ಮೊಮ್ಮಗಳಿಗೆ ತೋರಿಸಿದೆ. ಆಮೇಲೆ ಅವಳು ಆ ಪದ ಮರೆತಿಲ್ಲ.

ಒಂದು ತುಂಡು ಕೈಗೆ ಸಿಕ್ಕಿದರೆ ಅದರ ನೆಂಟರೆಲ್ಲ ಸಾಲಾಗಿ ಬರುತ್ತಾರೆ. ಮೆಟ್ರೊ ಕೆಲಸ ನಡೆಯುವ ಕಡೆ ‘ಡೈವರ್ಷನ್’ ಬೋರ್ಡು ಇರುತ್ತದಲ್ಲ, ಅಲ್ಲಿ ಇರುವುದೂ ಇದೇ ‘ವರ್ಸ್’. ಬೇರೆ ಕಡೆಗೆ ತಿರುಗು ಅಂತ. ಡೈವೋರ್ಸ್ ಅನ್ನುವುದೂ ಅದೇ ಲ್ಯಾಟಿನ್ ಮನೆತನದ್ದೇ. ಇದನ್ನು ಮೊಮ್ಮಗಳಿಗೆ ಹೇಳಲಿಲ್ಲ. ಸೊಸೆ ಅಲ್ಲೇ ಇದ್ದಳು.

ಮಕ್ಕಳು ಇರ್ರಿವರ್ಸಿಬಲ್‌ನಂಥ ಪದಗಳಲ್ಲಿ ಸ್ಪೆಲ್ಲಿಂಗ್ ಮಾರ್ಕು ಕಳೆದುಕೊಳ್ಳುವುದು ಎಲ್ಲಿ ಗೊತ್ತಾ? ಎರಡು ‘ಆರ್’ ಬರೆಯುವ ಕಡೆ ಒಂದೇ ಬರೆದು. ಅಲ್ಲಿ ಎರಡು ಯಾಕೆ ಅಂತ ಯಾರೂ ಹೇಳುವುದಿಲ್ಲ. ಇಲ್ಲ ಅನ್ನುವ ಆ ‘ಇರ್’ ಮೂಲದಲ್ಲಿ ‘ಇನ್’. ಮುಂದೆ ‘ಪ’ ಬಂದರೆ, ಮುಚ್ಚಲು ಹೊರಟ ತುಟಿ ‘ನ್’ ಅನ್ನೂ ‘ಮ್’ ಮಾಡಿಬಿಡುತ್ತದೆ. ಅದಕ್ಕೇ ಇಂಪಾಸಿಬಲ್. ‘ಲ’ ಬಂದರೆ ಇಲ್ಲೀಗಲ್, ‘ರ’ ಬಂದರೆ ಇರ್ರೆಗ್ಯುಲರ್. ಇದೆಲ್ಲ ಲ್ಯಾಟಿನ್ನಿನಲ್ಲೇ ಆಗಿಹೋದ ಕೆಲಸ. ಹಾಗಾಗಿ ಒಂದು ‘ಆರ್’ ಇಲ್ಲ ಅನ್ನುವುದರದ್ದು, ಇನ್ನೊಂದು ಪದದ್ದೇ ಸ್ವಂತದ್ದು. ಎರಡೂ ಬೇಕು. ಕನ್ನಡದ ಮಕ್ಕಳಿಗೆ ಇದನ್ನು ಹೇಳುವುದು ಬಹಳ ಸುಲಭ. ನಮ್ಮ ಸೊನ್ನೆ ಮಾಡುವುದೂ ಇದನ್ನೇ ಅಲ್ವಾ? ‘ಅಂದ’ ಅನ್ನುವಾಗ ಅದು ನ್, ‘ಕಂಬ’ ಅನ್ನುವಾಗ ಮ್. ನಮಗೆ ಒಂದೇ ಸೊನ್ನೆಯಲ್ಲಿ ಕೆಲಸ ಮುಗಿಯುತ್ತದೆ. ಅವರಿಗೆ ಪಾಪ, ಸೊನ್ನೆ ಇಲ್ಲ. ಪ್ರತಿ ಸಲ ಅಕ್ಷರ ಬದಲಿಸಬೇಕು.

ಇಷ್ಟು ಕಲಿತು ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದೂ ಉಂಟು. ಚೆಂಬೂರಿನಲ್ಲಿ, ಮಾಹುಲ್ ರಿಫೈನರಿಗಳಿಗೆ ಹೋಗುವ ರಸ್ತೆ. ಟ್ಯಾಂಕರಿನ ಹಿಂದೆ ದೊಡ್ಡ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’. ನಾನು ಜಾಣ, ಕೂಡಲೇ ಬಿಡಿಸಿದೆ. ಫ್ಲೇಮ್ ಅಂದರೆ ಜ್ವಾಲೆ, ಇನ್ ಅಂದರೆ ಇಲ್ಲ, ಹಾಗಾದರೆ ಉರಿಯುವುದೇ ಇಲ್ಲ! ಪಕ್ಕದಲ್ಲಿ ಬೀಡಿ ಹಚ್ಚಲು ಹಿಂದೆಮುಂದೆ ನೋಡುತ್ತಿದ್ದ ಗೆಳೆಯನಿಗೆ ಧೈರ್ಯ ಹೇಳಿದೆ. ಟ್ಯಾಂಕರಿನ ಡ್ರೈವರ್ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಲ್ಯಾಟಿನ್ನಿನಲ್ಲಿ ‘ಇನ್’ ಎರಡು ಇವೆ. ಒಂದು ‘ಇಲ್ಲ’, ಇನ್ನೊಂದು ‘ಒಳಗೆ’. ಟ್ಯಾಂಕರಿನದು ಎರಡನೆಯದು, ಅಂದರೆ ಬೇಗ ಹೊತ್ತಿಕೊಳ್ಳುವಂಥದ್ದು. ಮಾಷ್ಟ್ರ ಇಂಪೋರ್ಟಿನಲ್ಲಿ ಇದ್ದುದೂ ಅದೇ. ನನ್ನಂಥವರು ಅಮೆರಿಕದಲ್ಲೂ ಇದ್ದರೇನೋ! ಅಲ್ಲಿನ ಅಗ್ನಿ ಸುರಕ್ಷೆಯ ಸಂಸ್ಥೆಯವರು 1920ರ ದಶಕದಲ್ಲೇ ‘ಇನ್’ ತೆಗೆದು ಬರೀ ‘ಫ್ಲೇಮಬಲ್’ ಅಂತ ಬರೆಯಿರಿ ಅಂದಿದ್ದರು. ನಮ್ಮ ಟ್ಯಾಂಕರುಗಳ ಮೇಲೆ ಹಳೆಯ ಪದವನ್ನೇ ನಾನು ಈಗಲೂ ನೋಡುತ್ತೇನೆ.

ತಪ್ಪಾಗಿ ಕತ್ತರಿಸುವುದು ನಮ್ಮ ಪಾಲಿಗೆ ಮಾತ್ರ ಬಂದದ್ದಲ್ಲ. ಇಂಗ್ಲಿಷಿನವರದೂ ಅದೇ ಕಥೆ. ಮೊಮ್ಮಗಳಿಗೆ ಇಷ್ಟದ ಬರ್ಗರ್ ತಗೊಳ್ಳಿ. ಮೂಲ ಹೆಸರು ಹ್ಯಾಂಬರ್ಗರ್, ಅಂದರೆ ಜರ್ಮನಿಯ ಹ್ಯಾಂಬರ್ಗ್ ಊರಿನದು. ನಮ್ಮ ‘ಮುಂಬೈಕರ್’ ಇದ್ದ ಹಾಗೆ. ಹ್ಯಾಮ್ ಅಂದರೆ ಹಂದಿ ಮಾಂಸ ಅಂದುಕೊಂಡು ಜನ ಊರಿನ ಹೆಸರನ್ನೇ ನಡುವೆ ಕತ್ತರಿಸಿದರು. ಉಳಿದ ಬರ್ಗರ್ ಒಂದು ತಿಂಡಿಯಾಯಿತು. ನಾಳೆ ಯಾರಾದರೂ ಮುಂಬೈಕರನ್ನು ‘ಮುಂ’ ಮತ್ತು ‘ಬೈಕರ್’ ಅಂತ ಕತ್ತರಿಸಿ, ಪುಣೆಯವರಿಗೆ ‘ಪುಣೆಬೈಕರ್’ ಅಂದಂತೆ. (ಪುಣೆಯ ಟ್ರಾಫಿಕ್ ನೋಡಿದರೆ ಅದೇನೂ ತಪ್ಪಲ್ಲ ಅನ್ನಿ.)

ಎಲ್ಲಕ್ಕಿಂತ ನನಗೆ ಮಜಾ ಕೊಟ್ಟಿದ್ದು ‘ಬಸ್’. 1926ರ ಜುಲೈ 15ರಂದು ಮುಂಬಯಿಯ ಮೊದಲ ಮೋಟಾರು ಬಸ್ಸು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಓಡಿತು. ಅಷ್ಟು ಹೊತ್ತಿಗಾಗಲೇ ಪದ ಸವೆದು ಸಣ್ಣದಾಗಿತ್ತು. ಪೂರ್ತಿ ಹೆಸರು ‘ಆಮ್ನಿಬಸ್’. ಲ್ಯಾಟಿನ್ನಿನಲ್ಲಿ ಹಾಗಂದರೆ ‘ಎಲ್ಲರಿಗೆ’. ಎಲ್ಲರೂ ಹತ್ತಬಹುದಾದ ಗಾಡಿ. ಅದರಲ್ಲಿ ‘ಎಲ್ಲರು’ ಅನ್ನುವ ಅರ್ಥ ಇರುವುದು ‘ಆಮ್ನಿ’ಯಲ್ಲಿ. ‘ಬಸ್’ ಬರೀ ವಿಭಕ್ತಿ. ಅಂದರೆ ‘ಎಲ್ಲರಿಗೆ’ ಅನ್ನುವುದರಲ್ಲಿ ‘ಎಲ್ಲರಿ’ ಬಿಸಾಕಿ, ‘ಗೆ ಬಂತು, ಗೆ ಹತ್ತು’ ಅನ್ನುತ್ತಿದ್ದೇವೆ! ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ನೇತಾಡುವ ಜನ ನೋಡಿದರೆ, ‘ಎಲ್ಲರೂ’ ಹೊರಗೇ ಉಳಿದರು ಅನ್ನುವುದು ಸರಿಯಾಗಿಯೇ ಇದೆ.

ನನ್ನ ಬೇಡಿಕೆ ಸಣ್ಣದು. ಪದದ ಮುಂದೆ ಅರ್ಥ ಬರೆಯುತ್ತೀರಲ್ಲ, ಅದರ ಕೆಳಗೆ ಒಂದು ಸಾಲು, ಪದವನ್ನು ಅಡ್ಡಗೆರೆ ಹಾಕಿ ಬಿಡಿಸಿ. ಅದೇ ತುಂಡು ಇರುವ ಇನ್ನೆರಡು ಪದ ಕೊಡಿ. ಆಗುವುದಾದರೆ ಕನ್ನಡದ ಪದವನ್ನೂ ಪಕ್ಕದಲ್ಲೇ ಬಿಡಿಸಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡದ ಪುಟ ತೆರೆಯುವುದಕ್ಕೆ ಅದೊಂದು ನೆಪವಾಗಲಿ. ಜಾಗ ಸಾಲದಿದ್ದರೆ ಹತ್ತರ ಬದಲು ಮೂರೇ ಪದ ಕೊಡಿ. ನಮ್ಮ ಫ್ರಿಜ್ಜಿನ ಬಾಗಿಲಿನಲ್ಲೂ ಜಾಗ ಕಮ್ಮಿಯಾಗುತ್ತಾ ಬಂದಿದೆ.

— ನಿವೃತ್ತ ಹೋಟೆಲ್ ಕ್ಯಾಷಿಯರ್, ಡೊಂಬಿವ್ಲಿ ಪೂರ್ವ